ಮಗಳಿಗೆ ಸಜ್ಜೆ ರೊಟ್ಟಿ ಏಕೆ ಕಹಿ?

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಸಿಂಧನೂರಿಗೆ ಬಂದು ಒಂಬತ್ತು ವರ್ಷವಾಯಿತು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಗ ಅಜ್ಜಿಯ ಮಗ್ಗುಲಲ್ಲಿ ಕುಳಿತು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹಸಿ ಹಕ್ಕರಕಿ, ಗುರೆಳ್ಳು ಚಟ್ನಿ ಎಲ್ಲವನ್ನೂ ತಿನ್ನುತ್ತಾನೆ. ಮಗಳು ಸಜ್ಜೆ ರೊಟ್ಟಿ ಕಂಡರೆ ‘ಕಹಿ, ವಾಸನೆ’ ಎಂದು ತಟ್ಟೆ ಸರಿಸುತ್ತಾಳೆ. ಪುಂಡಿಪಲ್ಯ ಬಾಯಿಗಿಟ್ಟರೆ ಓಕರಿಸುತ್ತಾಳೆ, ಆದರೆ ಹುಣಸೆಹಣ್ಣಿಗೆ ಉಪ್ಪು ಹಚ್ಚಿಕೊಂಡು ದಿನವಿಡೀ ಚೀಪುತ್ತಾಳೆ. ಜೋಳದ ರೊಟ್ಟಿ ಬಿಸಿಯಿದ್ದರೆ ಅರ್ಧ ತಿಂದಾಳು, ಖಡಕ್ ರೊಟ್ಟಿ ಮುಟ್ಟುವುದಿಲ್ಲ. ಎರಡು ವರ್ಷದ ಹಿಂದೆ ಭೋಗಿಯ ದಿನ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡ ರಾತ್ರಿ ಜ್ವರ ಬಂದು ವಾಂತಿ ಮಾಡಿಕೊಂಡಿದ್ದಳು. ಅಲ್ಲಿಂದ ಹಟ ಇನ್ನೂ ಹೆಚ್ಚಾಗಿದೆ. ‘ನಿನ್ನ ಬುದ್ಧಿನ ಬಂದೈತಿ ನಿನ್ನ ಮಗಳಿಗೆ, ಎರಡು ದಿನ ಉಪವಾಸ ಕೆಡವು, ತಾನ ತಿಂತಾಳ’ ಎನ್ನುತ್ತಾರೆ ಅತ್ತೆ. ಪಕ್ಕದ ಮನೆಯವರು ಹೊಟ್ಟೆಯಲ್ಲಿ ಹುಳ ಇರಬೇಕು ಎನ್ನುತ್ತಾರೆ. ನಮ್ಮ ಯಜಮಾನರು ಚಾಕೊಲೇಟ್ ತೋರಿಸಿ ತಿನ್ನಿಸುತ್ತಾರೆ. ಸಜ್ಜೆಯನ್ನು ತಿಂಗಳಿಗೊಮ್ಮೆ ಐದು ಕಿಲೋದಂತೆ ಗಿರಣಿಗೆ ಹಾಕಿಸಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ಮೊದಲ ಹೆರಿಗೆಗೆ ಆರನೇ ತಿಂಗಳಲ್ಲೇ ತವರಿಗೆ ಹೋಗಿ, ಮಗುವಿಗೆ ಏಳು ತಿಂಗಳಾದ ಮೇಲೆ ಬಂದೆ. ಎರಡನೆಯದಕ್ಕೆ ಹೋಗಲಿಲ್ಲ. ಒಂದೇ ಮನೆ, ಒಂದೇ ಒಲೆ, ಆದರೂ ಇಬ್ಬರು ಮಕ್ಕಳಿಗೆ ಹೀಗೇಕೆ? ಇದು ನಖರಾವೇ, ಕಾಯಿಲೆಯೇ, ನನ್ನಿಂದ ಬಂದದ್ದೇ? ಒತ್ತಾಯ ಮಾಡಿ ತಿನ್ನಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕು ಇದ್ದರೂ, ಅವುಗಳ ಹಿಂದಿರುವ ಸಂಕಟ ಒಂದೇ ಎಂದು ನನಗೆ ತೋರುತ್ತದೆ. ಮಗಳು ಊಟ ಬಿಟ್ಟಾಗಲೆಲ್ಲ ತಪ್ಪು ನಿಮ್ಮ ತವರಿನದು, ನಿಮ್ಮ ಕೈಯದು ಎಂಬ ಮಾತು ಕೇಳಬೇಕಾಗಿ ಬಂದಿದೆ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ: ನೀವು ಬರೆದಿರುವ ವಿವರಗಳಲ್ಲಿ ನಖರಾ ಎನ್ನಬಹುದಾದದ್ದು ನನಗೆ ಬಹಳ ಕಡಿಮೆ ಕಾಣುತ್ತಿದೆ. ಕೊಪ್ಪಳದಲ್ಲಿ ಆಹಾರ ತಜ್ಞೆಯಾಗಿ ಹದಿನೆಂಟು ವರ್ಷ ಇಂಥ ಮಕ್ಕಳನ್ನು ನೋಡಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಗು ‘ಕಹಿ’ ಎಂದರೆ, ಅದು ನಿಜವಾಗಿಯೂ ಕಹಿಯಾಗಿದೆ ಎಂದೇ ನಂಬಿ ಹುಡುಕಾಟ ಶುರುಮಾಡುತ್ತೇನೆ.

ಹಾಗೆ ನಂಬಿ ನೋಡಿದರೆ, ಮೊದಲು ಪರೀಕ್ಷಿಸಬೇಕಾದದ್ದು ಮಗಳನ್ನಲ್ಲ, ಹಿಟ್ಟಿನ ಡಬ್ಬಿಯನ್ನು. ಸಜ್ಜೆಯ ಕಾಳಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ ಸುಮಾರು ಐದು ಭಾಗ ಇರುತ್ತದೆ. ಅಕ್ಕಿ, ಗೋಧಿ, ಜೋಳಗಳಿಗಿಂತ ಇದು ಹೆಚ್ಚು, ಮತ್ತು ಅದರ ಬಹುಪಾಲು ಕಾಳಿನ ಮೊಳಕೆಯ ಭಾಗದಲ್ಲಿ ಅಡಗಿರುತ್ತದೆ. ಕಾಳು ಇಡಿಯಾಗಿರುವಷ್ಟು ದಿನ ಈ ಕೊಬ್ಬು ಸುರಕ್ಷಿತವಾಗಿರುತ್ತದೆ. ಗಿರಣಿಯಲ್ಲಿ ಬೀಸಿದ ಕ್ಷಣದಿಂದ ಅದು ಕಾಳಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವದ ಜೊತೆಗೂ, ಹೊರಗಿನ ಗಾಳಿಯ ಜೊತೆಗೂ ಬೆರೆತು ಒಡೆಯತೊಡಗುತ್ತದೆ. ಒಡೆದ ಕೊಬ್ಬಿನಾಮ್ಲಗಳೇ ಹಿಟ್ಟಿಗೆ ಕಹಿಯನ್ನೂ ಕಮಟು ವಾಸನೆಯನ್ನೂ ತರುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಇದಕ್ಕೆ ವಾರ, ಹತ್ತು ದಿನ ಸಾಕು. ನೀವು ತಿಂಗಳಿಗಾಗುವಷ್ಟು ಹಿಟ್ಟನ್ನು ಒಮ್ಮೆಗೇ ಬೀಸಿಸುತ್ತಿದ್ದೀರಿ ಎಂದರೆ, ತಿಂಗಳ ಉತ್ತರಾರ್ಧದಲ್ಲಿ ನಿಮ್ಮ ಮಗಳು ತಿನ್ನುತ್ತಿರುವುದು ಕೆಡಲು ಆರಂಭಿಸಿದ ಹಿಟ್ಟಿನ ರೊಟ್ಟಿ ಇರಬಹುದು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಒಂದು ಬಟ್ಟಲಿಗೆ ಎರಡು ಚಮಚ ಸಜ್ಜೆ ಹಿಟ್ಟು ಹಾಕಿ, ಬಿಸಿನೀರು ಬಿಟ್ಟು ಕಲಸಿ, ಮುಚ್ಚಿಡಿ. ಹತ್ತು ನಿಮಿಷದ ನಂತರ ಮುಚ್ಚಳ ತೆಗೆದ ಕೂಡಲೇ ಮೂಗಿನ ಹತ್ತಿರ ಹಿಡಿಯಿರಿ. ಹೊಸ ಹಿಟ್ಟಾದರೆ ಹಸಿಕಾಳಿನ, ತುಸು ಸಿಹಿಯಾದ ವಾಸನೆ ಬರುತ್ತದೆ. ಹಳೆಯದಾದರೆ ಹಳೇ ಎಣ್ಣೆಯ ಅಥವಾ ಇಲಿ ಓಡಾಡಿದ ಮೂಲೆಯ ವಾಸನೆ ಎದ್ದುಬರುತ್ತದೆ. ಆಮೇಲೆ ಅದನ್ನೇ ಮಗಳ ಕೈಗೆ ಕೊಟ್ಟು ‘ನಿನಗೆ ವಾಸನೆ ಬರೋದು ಇದೇನಾ?’ ಎಂದು ಕೇಳಿ. ಕೊಪ್ಪಳದಲ್ಲಿ ನನ್ನ ಬಳಿ ಬಂದಿದ್ದ ಒಂದು ಮನೆಯಲ್ಲಿ ಹೀಗೆ ಎರಡು ಬಟ್ಟಲು ಇಟ್ಟು ನೋಡಿದೆವು, ಒಂದು ನಿನ್ನೆ ಬೀಸಿದ್ದು, ಇನ್ನೊಂದು ಮೂರು ವಾರದ್ದು. ಆರು ವರ್ಷದ ಹುಡುಗ ಕಣ್ಣು ಮುಚ್ಚಿಕೊಂಡೇ ಮೂರು ಸಲವೂ ಹಳೆಯದನ್ನು ಸರಿಯಾಗಿ ತೋರಿಸಿದ. ಅವನ ಅಜ್ಜಿಗೆ ಎರಡೂ ಒಂದೇ ಎನಿಸಿದವು. ಅಜ್ಜಿ ಸುಳ್ಳು ಹೇಳಲಿಲ್ಲ. ಅರವತ್ತು ದಾಟಿದ ಮೇಲೆ ಅನೇಕರಲ್ಲಿ ವಾಸನೆ ಹಿಡಿಯುವ ಶಕ್ತಿ ಗೊತ್ತಾಗದ ಹಾಗೆ ಕುಗ್ಗುತ್ತದೆ, ಮತ್ತು ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದೇ. ನಿಮ್ಮ ಅತ್ತೆಯವರು ‘ಹಿಟ್ಟು ಚಲೋ ಐತಿ’ ಎನ್ನುವುದೂ, ನಿಮ್ಮ ಮಗಳು ‘ವಾಸನೆ’ ಎನ್ನುವುದೂ ಎರಡೂ ಪ್ರಾಮಾಣಿಕವಾದ ಮಾತುಗಳೇ ಆಗಿರಬಹುದು. ಈ ಮಾತನ್ನು ಅತ್ತೆಯವರಿಗೆ ಹೇಳುವಾಗ ಅವರ ವಯಸ್ಸನ್ನು ಎತ್ತಿ ಆಡಿದಂತಾಗದಿರಲಿ, ಬಟ್ಟಲುಗಳನ್ನು ಅವರ ಮುಂದೆಯೇ ಇಟ್ಟು ತೋರಿಸಿ.

ಪರಿಹಾರ ಕಷ್ಟದ್ದಲ್ಲ. ಕಾಳನ್ನು ಹಸನು ಮಾಡಿ ಇಟ್ಟುಕೊಂಡು, ವಾರಕ್ಕೆ ಬೇಕಾದಷ್ಟನ್ನೇ, ಅಂದರೆ ಒಂದು ಕಿಲೋ, ಒಂದೂವರೆ ಕಿಲೋ ಬೀಸಿಸಿ. ಅಷ್ಟಕ್ಕೆ ಗಿರಣಿಯವರು ಬೇಸರಪಟ್ಟರೆ ಎರಡು ಮನೆಯವರು ಸೇರಿ ಹಾಕಿಸಿ. ಫ್ರಿಜ್ ಇದ್ದರೆ ಹಿಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಅದರೊಳಗಿಡಿ. ಕಾಳನ್ನು ಹುರಿದು ಬೀಸಿಸಿದರೆ ಕಿಣ್ವದ ಶಕ್ತಿ ಕುಂದಿ ಹಿಟ್ಟು ಹೆಚ್ಚು ದಿನ ಬಾಳುತ್ತದೆಯಾದರೂ, ಅಂಥ ಹಿಟ್ಟಿಗೆ ಜಿಗುಟು ಕಡಿಮೆಯಾಗಿ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಅದನ್ನು ಅಂಬಲಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಗುರೆಳ್ಳು ಚಟ್ನಿಪುಡಿಯ ಕಥೆಯೂ ಇದೇ. ಗುರೆಳ್ಳು ಎಣ್ಣೆಕಾಳು, ಪುಡಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಕಮಟಾಗುತ್ತದೆ. ಮಗಳು ಅದನ್ನು ಬಿಡುವುದಕ್ಕೆ ಇದೇ ಕಾರಣವೋ ಎಂದು ಹೊಸದಾಗಿ ಕುಟ್ಟಿದ ಪುಡಿ ಕೊಟ್ಟು ನೋಡಿ.

ಇನ್ನು ಭೋಗಿಯ ರಾತ್ರಿಯ ವಿಷಯ. ಆ ವಾಂತಿಗೆ ಸಜ್ಜೆ ರೊಟ್ಟಿ ಕಾರಣವೇ ಆಗಿರಲಿಕ್ಕಿಲ್ಲ. ಜ್ವರವೂ ಬಂದಿತ್ತು ಎಂದು ಬರೆದಿದ್ದೀರಿ, ಹಾಗಾದರೆ ಸೋಂಕಿನ ಸಾಧ್ಯತೆಯೇ ಹೆಚ್ಚು. ಆದರೆ ಮಿದುಳು ಅಂಥ ವಿಚಾರಣೆ ನಡೆಸುವುದಿಲ್ಲ. ಊಟವಾದ ಕೆಲವು ಗಂಟೆಗಳೊಳಗೆ ಹೊಟ್ಟೆ ತೊಳಸಿ ವಾಂತಿಯಾದರೆ, ಕೊನೆಗೆ ತಿಂದ ಪದಾರ್ಥದ, ಅದರಲ್ಲೂ ವಾಸನೆ ಗಾಢವಾಗಿರುವ ಅಥವಾ ಅಪರೂಪಕ್ಕೆ ತಿಂದ ಪದಾರ್ಥದ ಮೇಲೆ ತಪ್ಪು ಹೊರಿಸಿ, ಮುಂದೆ ಅದನ್ನು ಕಂಡರೇ ಓಕರಿಕೆ ಬರುವಂತೆ ಮಾಡಿಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ 1955ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ವಿಷ ತಿಂದು ಬದುಕುಳಿದ ಪ್ರಾಣಿ ಮತ್ತೆ ಅದನ್ನು ತಿನ್ನಬಾರದು ಎಂಬ ರಕ್ಷಣೆಯ ಏರ್ಪಾಡು ಇದು. ಒಂದೇ ಒಂದು ಸಲಕ್ಕೆ ಕೂರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ‘ಅದರಿಂದ ಆಗಿದ್ದಲ್ಲ’ ಎಂದು ತಿಳಿಹೇಳಿದರೆ ಹೋಗುವುದಿಲ್ಲ. ಇದು ಹಟವಲ್ಲವಾದ್ದರಿಂದ ಹಟಕ್ಕೆ ಮಾಡುವ ಮದ್ದು ಇಲ್ಲಿ ನಡೆಯುವುದಿಲ್ಲ. ಬಲವಂತವಾಗಿ ತಿನ್ನಿಸಿ ಇನ್ನೊಮ್ಮೆ ವಾಂತಿಯಾದರೆ ಗಂಟು ಮತ್ತಷ್ಟು ಬಿಗಿಯಾಗುತ್ತದೆ.

ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಇಷ್ಟು ವ್ಯತ್ಯಾಸವೇಕೆ ಎಂದು ಕೇಳಿದ್ದೀರಿ. ಉತ್ತರದ ಒಂದು ಎಳೆ ನೀವೇ ಬರೆದ ಕೊನೆಯ ವಿವರಗಳಲ್ಲಿದೆ. ತಾಯಿ ಉಂಡದ್ದರ ಪರಿಮಳ ಗರ್ಭದ ನೀರಿಗೂ ಆಮೇಲೆ ಎದೆಹಾಲಿಗೂ ಇಳಿಯುತ್ತದೆ. 2001ರಲ್ಲಿ ಪ್ರಕಟವಾದ, ಜೂಲಿ ಮೆನೆಲ್ಲಾ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಗಜ್ಜರಿ ರಸ ಕುಡಿದ ತಾಯಂದಿರ ಮಕ್ಕಳು, ಅನ್ನ ಮುಟ್ಟಿಸುವ ವಯಸ್ಸಿನಲ್ಲಿ ಗಜ್ಜರಿಯ ಪರಿಮಳದ ಗಂಜಿಗೆ ಇತರ ಮಕ್ಕಳಷ್ಟು ಮುಖ ಸಿಂಡರಿಸಲಿಲ್ಲ. ನಿಮ್ಮ ಮಗಳು ಹೊಟ್ಟೆಯಲ್ಲಿದ್ದ ಕೊನೆಯ ತಿಂಗಳುಗಳನ್ನೂ ಹುಟ್ಟಿದ ಮೊದಲ ಏಳು ತಿಂಗಳನ್ನೂ ಮಲೆನಾಡಿನ ಅಡುಗೆಯ ಪರಿಮಳದಲ್ಲಿ ಕಳೆದಳು. ಮಗನಿಗೆ ಬೆಳ್ಳುಳ್ಳಿ, ಗುರೆಳ್ಳು, ಪುಂಡಿಯ ಪರಿಚಯ ಹುಟ್ಟುವ ಮೊದಲೇ ಆಗಿತ್ತು. ಇದೊಂದೇ ಕಾರಣ ಎನ್ನಲಾರೆ. ಇದನ್ನು ಯಾರೂ ನಿಮ್ಮ ತಪ್ಪೆಂದು ತಿರುಗಿಸಲೂಬಾರದು. ತವರಿಗೆ ಹೋಗಿ ಬಾಣಂತನ ಮಾಡಿಸಿಕೊಳ್ಳುವುದು ನಮ್ಮಲ್ಲಿ ಎಲ್ಲ ಹೆಣ್ಣುಮಕ್ಕಳೂ ಮಾಡುವುದೇ.

ಇನ್ನೊಂದು ಎಳೆ ರಕ್ತದಿಂದ ಬಂದದ್ದು ಹೌದು. ಆದರೆ ಜನ ತಿಳಿದಷ್ಟು ಸರಳವಾಗಿಲ್ಲ. ಸಿಹಿಯನ್ನು ಗುರುತಿಸಲು ನಮ್ಮ ನಾಲಗೆಯಲ್ಲಿ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕವಿದ್ದರೆ, ಕಹಿಗೆ ಸುಮಾರು 25 ಬಗೆಗಳಿವೆ, ಏಕೆಂದರೆ ಗಿಡಗಳು ತಮ್ಮ ರಕ್ಷಣೆಗೆ ಮಾಡಿಕೊಳ್ಳುವ ವಿಷಗಳಲ್ಲಿ ಬಹಳಷ್ಟು ಕಹಿಯಾಗಿರುತ್ತವೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಒಂದು ಪುಡಿಯನ್ನು ಸುರಿಯುವಾಗ ಅದು ಗಾಳಿಯಲ್ಲಿ ಹಾರಿ, ಜೊತೆಗಿದ್ದವರು ‘ಬಾಯೆಲ್ಲ ಕಹಿ’ ಎಂದರು. ಫಾಕ್ಸ್ ಅವರಿಗೆ ಏನೂ ಗೊತ್ತಾಗಲಿಲ್ಲ. ಆ ಪುಡಿಯ ಕಹಿ ಕೆಲವರಿಗೆ ತೀವ್ರವಾಗಿ ಹತ್ತುತ್ತದೆ, ಕೆಲವರಿಗೆ ಹತ್ತುವುದೇ ಇಲ್ಲ ಎಂಬುದು, ಅದು ಮನೆತನದಲ್ಲಿ ಹರಿದುಬರುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಒಂದೇ ತಂದೆತಾಯಿಯ ಮಕ್ಕಳಲ್ಲೂ ಒಬ್ಬರಿಗೆ ಅದು ಬಂದು ಇನ್ನೊಬ್ಬರಿಗೆ ಬಾರದಿರಬಹುದು. ಆದರೆ ಆ ಒಂದು ಜೀನ್ ಎಲೆಕೋಸು, ಸಾಸಿವೆಯ ಜಾತಿಯ ಕಹಿಗೆ ಸಂಬಂಧಿಸಿದ್ದು. ಸಜ್ಜೆಯ ಹಳೇ ಹಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸಾಬೂನಿನಂತೆ ನಾರುವುದಕ್ಕೆ ವಾಸನೆಯ ಗ್ರಾಹಕದ ಬೇರೊಂದು ಜೀನಿನ ಜೊತೆ ನಂಟಿದೆ ಎಂದು 2012ರಲ್ಲಿ ಕಂಡುಬಂದಾಗಲೂ, ಅದರ ಪಾತ್ರ ಚಿಕ್ಕದೆಂದೇ ಸಂಶೋಧಕರು ಹೇಳಿದ್ದರು. ಹೀಗಾಗಿ ‘ತಾಯಿಯ ರಕ್ತ’ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸುವುದು ನ್ಯಾಯವಲ್ಲ. ಹಸಿ ಹಕ್ಕರಕಿಯ ವಿಷಯದಲ್ಲಂತೂ ಚಿಂತೆಯೇ ಬೇಡ. ಆ ಸೊಪ್ಪು ನಿಜವಾಗಿಯೂ ಕಹಿ, ಮಕ್ಕಳಿಗೆ ಕಹಿ ದೊಡ್ಡವರಿಗಿಂತ ಹೆಚ್ಚು ಹತ್ತುತ್ತದೆ, ಹದಿಹರೆಯ ದಾಟುವಾಗ ತಾನಾಗಿ ತಗ್ಗುತ್ತದೆ. ನಾಲ್ಕು ವರ್ಷದ ಮಗ ಅದನ್ನು ತಿನ್ನುತ್ತಾನೆಂಬುದೇ ವಿಶೇಷ.

ಪುಂಡಿಪಲ್ಯದ ಬಗ್ಗೆ ಎಲ್ಲರೂ ‘ಹುಳಿ ಆಗಲ್ಲ’ ಎಂದುಕೊಂಡಿರಬಹುದು. ಉಪ್ಪು ಹಚ್ಚಿದ ಹುಣಸೆಹಣ್ಣನ್ನು ದಿನವಿಡೀ ಚೀಪುವ ಹುಡುಗಿಗೆ ಹುಳಿ ಆಗದೆ ಏನು? ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಕೆಲವರಿಗೆ ದೊಡ್ಡವರು ತಾಳಲಾರದಷ್ಟು ಹುಳಿಯೂ ಇಷ್ಟವಾಗುತ್ತದೆ. ನನ್ನ ಅನುಮಾನ ಎರಡರ ಮೇಲಿದೆ. ಒಂದು, ಆ ಪಲ್ಯದ ಮೈ: ಬೆಂದು ಮೆತ್ತಗಾದ ಸೊಪ್ಪು, ನಡುನಡುವೆ ಸಿಗುವ ನಾರು, ಜೋಳದ ನುಚ್ಚು, ಬೇಳೆ. ನುಣುಪು ಮತ್ತು ಒರಟು ಒಟ್ಟಿಗೆ ಸಿಕ್ಕಾಗ ಓಕರಿಸುವ ಮಕ್ಕಳು ಬಹಳ. ಇನ್ನೊಂದು, ಹಸಿಮೆಣಸಿನಕಾಯಿ. ಖಾರ ಎಂಬುದು ರುಚಿಯೇ ಅಲ್ಲ, ಬಿಸಿ ತಗುಲಿದಾಗ ಎಚ್ಚರಿಸುವ ನರದ ಗ್ರಾಹಕವನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂದಿತು. ಚಿಕ್ಕಂದಿನಿಂದ ರಂಜಕ ನೆಕ್ಕುತ್ತ ಬೆಳೆದವರಿಗೆ ಆ ಉರಿ ಮಂದವಾಗಿರುತ್ತದೆ. ಹೊಸಬರಿಗೆ ಅದು ಸುಟ್ಟಂತೆಯೇ. ಪುಂಡಿಯನ್ನು ಒಮ್ಮೆ ಕುದಿಸಿ ನೀರು ಬಸಿದು, ಒಂದೇ ಮೆಣಸಿನಕಾಯಿ, ಚೂರು ಬೆಲ್ಲ ಹಾಕಿ ನುಣ್ಣಗೆ ಚಟ್ನಿ ಅರೆದು ಕೊಟ್ಟು ನೋಡಿ. ಖಾರ ಹತ್ತಿದರೆ ನೀರಲ್ಲ, ಮಜ್ಜಿಗೆ ಕೊಡಿ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದರೆ ಪುಂಡಿಯಲ್ಲಿ ಆಕ್ಸಲೇಟ್ ಇರುವುದನ್ನು ನೆನಪಿಡಿ. ಮಕ್ಕಳಿಗೆ ಆ ಭಯ ಬೇಡ.

ಖಡಕ್ ರೊಟ್ಟಿ ಮುಟ್ಟದಿರುವುದಕ್ಕೆ ಮಗಳ ಬಾಯಿ ತೆರೆಸಿ ನೋಡಿ. ಏಳು ವರ್ಷಕ್ಕೆ ಹಾಲುಹಲ್ಲು ಅಲುಗಾಡುತ್ತಿರುತ್ತವೆ, ದವಡೆಯಲ್ಲಿ ಹುಳುಕು ಇದ್ದರೂ ಗಟ್ಟಿಯಾದದ್ದನ್ನು ಅಗಿಯುವಾಗ ನೋವಾಗುತ್ತದೆ. ಮಕ್ಕಳು ‘ಹಲ್ಲು ನೋಯುತ್ತದೆ’ ಎನ್ನುವುದಿಲ್ಲ, ‘ಬ್ಯಾಡ’ ಎನ್ನುತ್ತಾರೆ. ಬಿಸಿ ರೊಟ್ಟಿ ಅರ್ಧವಾದರೂ ತಿನ್ನುತ್ತಾಳೆ ಎಂಬುದು ಇದನ್ನೇ ಸೂಚಿಸುತ್ತಿರಬಹುದು. ಜೊತೆಗೆ, ನಿಮ್ಮ ಊರಿನ ಊಟವೇ ಬದಲಾಗಿದೆ ಎಂಬುದನ್ನೂ ಅತ್ತೆಯವರು ಬಲ್ಲರು. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳ ಜೋಳದ ಹೊಲಗಳು ಗದ್ದೆಗಳಾದವು, ರಾತ್ರಿಯೂ ಅನ್ನ ಉಣ್ಣುವ ಮನೆಗಳು ಹೆಚ್ಚಿದವು. ಅತ್ತೆಯವರ ಬಾಲ್ಯದಲ್ಲಿ ರೊಟ್ಟಿ ನಿತ್ಯದ್ದು, ಅನ್ನ ಹಬ್ಬದ್ದು. ನಿಮ್ಮ ಮಗಳಿಗೆ ಅನ್ನ ನಿತ್ಯದ್ದು, ಶಾಲೆಯ ಬಿಸಿಯೂಟವೂ ಅನ್ನವೇ. ನಾಲಗೆ ಪಳಗುವುದು ನಿತ್ಯ ಸಿಗುವುದಕ್ಕೆ.

ಈಗ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಉಪವಾಸ ಕೆಡಹುವುದು ಬೇಡ. ಹಸಿದ ಮಗು ಅಕ್ಕಪಕ್ಕದಲ್ಲಿ ಕುರ್‍ಕುರೆ, ಬಿಸ್ಕತ್ತು ಸಿಕ್ಕರೆ ಅದನ್ನೇ ತಿನ್ನುತ್ತದೆ, ಸಿಗದಿದ್ದರೆ ಸೊರಗುತ್ತದೆ, ಓಕರಿಕೆ ತರುವ ಪದಾರ್ಥ ಹಸಿವೆಯಿಂದ ರುಚಿಯಾಗುವುದಿಲ್ಲ. ಚಾಕೊಲೇಟ್ ಲಂಚ ಆ ಹೊತ್ತಿಗೆ ಫಲ ಕೊಟ್ಟಂತೆ ಕಂಡರೂ, ‘ಇದು ಕೆಟ್ಟದ್ದು, ಅದಕ್ಕೇ ಕೂಲಿ ಕೊಡುತ್ತಿದ್ದಾರೆ, ಅದು ಒಳ್ಳೆಯದು, ಅದಕ್ಕೇ ಕೊನೆಗೆ ಕೊಡುತ್ತಾರೆ’ ಎಂಬ ಪಾಠವನ್ನು ಮಗುವಿಗೆ ಕಲಿಸುತ್ತದೆ. ಯಜಮಾನರಿಗೆ ಇದನ್ನು ಸ್ಪಷ್ಟವಾಗಿ ಹೇಳಿ. ಸಜ್ಜೆ ಹಿಟ್ಟನ್ನು ದೋಸೆ, ಥಾಲಿಪಟ್ಟಿಗೆ ಗೊತ್ತಾಗದಂತೆ ಬೆರೆಸಿದರೆ ಪೋಷಕಾಂಶವೇನೋ ಸಿಗುತ್ತದೆ, ಆದರೆ ಸಿಕ್ಕಿಬಿದ್ದರೆ ದೋಸೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಬೆರೆಸುವುದಿದ್ದರೆ ಹೇಳಿಯೇ ಬೆರೆಸಿ.

ನಿಧಾನವಾದರೂ ನಾನು ಹೆಚ್ಚು ನಂಬಿರುವ ದಾರಿ ಬೇರೆ. ಹೊಸ ಹಿಟ್ಟು ಬಂದ ಮೇಲೂ ಎರಡು ಮೂರು ವಾರ ಸಜ್ಜೆಯ ಮಾತೇ ಎತ್ತಬೇಡಿ. ಆಮೇಲೆ ಬಿಸಿ ಜೋಳದ ರೊಟ್ಟಿಯಿಂದ ಶುರುಮಾಡಿ. ನಿಮ್ಮ ಅತ್ತೆಯವರ ಕೈಯಲ್ಲೇ ಮುಟಗಿ ಮಾಡಿಸಿ: ಹಂಚಿನಿಂದಿಳಿದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ತುಪ್ಪ ಹಾಕಿ, ಮಗಳ ಪಾಲಿಗೆ ಖಾರ ಬಿಟ್ಟು, ಹಿಚುಕಿ ಉಂಡೆ ಕಟ್ಟಿಕೊಡಲಿ. ಅದು ಒಗ್ಗಿದ ಮೇಲೆ ಬೆರಳಗಲದ ಸಜ್ಜೆ ರೊಟ್ಟಿಯ ಚೂರಿಗೆ ಬೆಲ್ಲ, ತುಪ್ಪ ಹಚ್ಚಿ ತಟ್ಟೆಯ ಅಂಚಿನಲ್ಲಿಡಿ. ತಿನ್ನು ಎನ್ನಬೇಡಿ, ತಿಂದರೆ ಚಪ್ಪಾಳೆ ಬೇಡ, ಬಿಟ್ಟರೆ ಬೈಗುಳ ಬೇಡ. ಹೊಸ ರುಚಿ ಒಗ್ಗಲು ಮಕ್ಕಳಿಗೆ ಹತ್ತು ಹದಿನೈದು ಸಲ ಪರಿಚಯವಾಗಬೇಕಾಗುತ್ತದೆ, ನಾವು ಮೂರನೆಯದಕ್ಕೇ ಸೋತು ‘ಇದಕ್ಕೆ ಆಗಲ್ಲ’ ಎಂದುಬಿಡುತ್ತೇವೆ. ವಾಂತಿಯ ನೆನಪು ಸೇರಿರುವುದರಿಂದ ನಿಮ್ಮ ಮಗಳಿಗೆ ಅದಕ್ಕಿಂತ ಹೆಚ್ಚು ಬೇಕಾದೀತು, ಒಗ್ಗದೆಯೂ ಇರಬಹುದು. ಓರಗೆಯ ಮಕ್ಕಳ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಬೇಗ ಬದಲಾಗುತ್ತಾರೆ, ತಮ್ಮನನ್ನು ತೋರಿಸಿ ‘ನೋಡು ಅವ ಹೆಂಗ ತಿಂತಾನ’ ಎಂದರೆ ಇನ್ನಷ್ಟು ಬಿಗಿಯುತ್ತಾರೆ.

ಒಗ್ಗದಿದ್ದರೆ ನಷ್ಟವೆಷ್ಟು? ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಹಾಗಾಗಿ ಸಜ್ಜೆ ಬಿಟ್ಟು ಬರೀ ಅನ್ನ ಸಾರಿಗೆ ಇಳಿದರೆ ನಷ್ಟವಿದೆ. ಬಿಸಿ ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ, ಎಳ್ಳು, ತಿನ್ನುವವರಾದರೆ ಮೊಟ್ಟೆ, ಊಟದ ಜೊತೆ ಹಿಂಡಿದ ನಿಂಬೆಹಣ್ಣು ಇದ್ದರೆ ಸಜ್ಜೆಯಿಲ್ಲದೆಯೂ ಮಗು ಚೆನ್ನಾಗಿ ಬೆಳೆಯುತ್ತದೆ. ಹುಳದ ಮಾತಿಗೆ ಬಂದರೆ, ಜಂತುಹುಳುವಿನಿಂದ ಒಟ್ಟಾರೆ ಹಸಿವು ಕುಗ್ಗಬಹುದೇ ಹೊರತು ಸಜ್ಜೆಯೊಂದನ್ನೇ ಆರಿಸಿ ಬಿಡುವಂತೆ ಆಗುವುದಿಲ್ಲ. ಶಾಲೆಯಲ್ಲಿ ಕೊಡುವ ಮಾತ್ರೆ ತೆಗೆದುಕೊಂಡಿದ್ದಾಳೆಯೇ ಎಂದು ವಿಚಾರಿಸಿದರೆ ಸಾಕು.

ಒಂದು ಕಹಿಯ ಬಗ್ಗೆ ಮಾತ್ರ ಮಗಳ ಮಾತನ್ನು ಎರಡನೇ ಯೋಚನೆಯಿಲ್ಲದೆ ಕೇಳಿ. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಕಹಿ ಎಂದರೆ ‘ಕಹಿ ಒಳ್ಳೇದು, ರಕ್ತ ಶುದ್ಧಿಯಾಗುತ್ತದೆ’ ಎಂದು ತಿನ್ನಿಸಬಾರದು. ಹಾಗಲಕಾಯಿಯ ಕಹಿ ಬೇರೆ. ಸಿಹಿಯಾಗಿರಬೇಕಾದ ಈ ಕಾಯಿಗಳು ಕಹಿಯಾದರೆ ಅವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಕಹಿ ಸೋರೆಕಾಯಿ ರಸ ಕುಡಿದು ಪ್ರಾಣಕ್ಕೆ ಕುತ್ತು ಬಂದದ್ದೂ ಇದೆ. ಹೆಚ್ಚುವ ಮೊದಲು ಚೂರು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಾದರೆ ಇಡೀ ಕಾಯಿಯನ್ನೇ ಎಸೆಯಿರಿ.

ವೈದ್ಯರ ಬಳಿಗೆ ಯಾವಾಗ? ಆರು ತಿಂಗಳಲ್ಲಿ ತೂಕ ಏರದಿದ್ದರೆ, ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ, ಇಷ್ಟಪಡುವ ಪದಾರ್ಥಗಳ ಪಟ್ಟಿ ದಿನೇದಿನೇ ಕಿರಿದಾಗುತ್ತಿದ್ದರೆ, ನುಂಗುವಾಗ ನೋವೆಂದರೆ ತಡಮಾಡಬೇಡಿ. ಇವು ಯಾವುದೂ ಇಲ್ಲದಿದ್ದರೂ, ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ, ಹಾಗೆಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಬಿಡಿ. ಈ ವಯಸ್ಸಿಗೆ ಅದು 11.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಅರ್ಥ. ಆಗ ವೈದ್ಯರು ಹೇಳಿದಷ್ಟು ದಿನ ಕಬ್ಬಿಣಾಂಶದ ಔಷಧ ಕೊಡಬೇಕಾಗುತ್ತದೆ, ರೊಟ್ಟಿಯ ಕಲಿಕೆಯನ್ನು ಅಲ್ಲಿಯವರೆಗೆ ಬದಿಗಿಡಬಹುದು. 11.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆ ಚೀಟಿಯನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ, ಮುಂದಿನ ವಾರದ ಸಜ್ಜೆಯನ್ನು ಒಂದೇ ಕಿಲೋ ಬೀಸಿಸಿ.